ಹಿಟ್ಟಿನ ಸೀಮೆಯ ಹಿಟ್ ಹಾಡುಗಳು

ಕಬ್ಬಿನ ರೇಟು, ಕನ್ನಂಬಾಡಿ ಕಟ್ಟೆಯ ನೀರು, ಮುಂದಿನ ಎಲೆಕ್ಷನ್ನು: ಈ ಮೂರರ ಬಗ್ಗೆ ನಮ್ಮ ಸೀಮೆಯಲ್ಲಿ ಅಭಿಪ್ರಾಯ ಇಲ್ಲದವರು ಯಾರೂ ಇಲ್ಲ. ನಾಲ್ಕನೆಯದು ಸಿನಿಮಾ ಹಾಡು. ಮೊದಲ ಮೂರರಲ್ಲಾದರೂ ಟೀ ಮುಗಿಯುವ ಹೊತ್ತಿಗೆ ಒಂದು ರಾಜಿಗೆ ಬರಬಹುದು. ನಾಲ್ಕನೆಯದರಲ್ಲಿ ಅಪ್ಪ ಮಕ್ಕಳೇ ಒಂದಾದದ್ದನ್ನು ನಾನು ಕಾಣೆ. ಅಪ್ಪನಿಗೆ ಪಿ.ಬಿ. ಶ್ರೀನಿವಾಸ್ ಬಿಟ್ಟರೆ ಮಿಕ್ಕವರೆಲ್ಲ ಕಿರುಚುವವರು. ಮೊಮ್ಮಕ್ಕಳಿಗೆ ಪಿ.ಬಿ. ಶ್ರೀನಿವಾಸ್ ಅಂದರೆ ಆಕಳಿಕೆ. ಮಧ್ಯದಲ್ಲಿ ಸಿಕ್ಕಿಕೊಂಡವರು ನಾವು, ಕ್ಯಾಸೆಟ್ಟಿನ ಕಾಲದವರು. ಹಿರಿಯರ ಎದುರಿಗೆ ಹಂಸಲೇಖರನ್ನು ಸಮರ್ಥಿಸಿ ಸಾಕಾಗಿ, ಈಗ ಕಿರಿಯರ ಎದುರಿಗೂ ಅವರನ್ನೇ ಸಮರ್ಥಿಸುವ ಕರ್ಮ ನಮ್ಮ ಪಾಲಿಗೆ ಬಂದಿದೆ.

ನನಗೆ ಸಂಗೀತ ಬರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಲು ಕರೆಯುವ ಹೊತ್ತಿಗೆ ನಾನು ಗುನುಗಿದರೆ ಹಸು ಅರ್ಧ ಲೀಟರು ಕಡಿಮೆ ಕೊಡುತ್ತದೆ ಎಂದು ನನ್ನ ಹೆಂಡತಿ ಡೈರಿಯ ಚೀಟಿ ತೋರಿಸಿ ವಾದ ಮಾಡುತ್ತಾಳೆ. ಆದರೆ ಅಭಿಮಾನಿಯಾಗಲು ಕಂಠ ಬೇಕಾಗಿಲ್ಲ, ಕಿವಿ ಸಾಕು. ಅದೂ ಒಂದು ಚೆನ್ನಾಗಿದ್ದರೆ ನಡೆಯುತ್ತದೆ.

ಪಾಂಡವಪುರದಿಂದ ನಾಗಮಂಗಲದ ಕಡೆಗೆ ಹೋಗುವ ಬಸ್ಸು ಹತ್ತಿ ನೋಡಿ. ಡ್ರೈವರ ಮುಂದೆ ಒಂದು ದೇವರ ಪಟ, ಪಟಕ್ಕೊಂದು ಹಾರ, ಹಾರದ ಪಕ್ಕ ಒಂದು ಪೆನ್‌ಡ್ರೈವು. ಆ ಹೆಬ್ಬೆಟ್ಟಿನಷ್ಟು ವಸ್ತುವಿನೊಳಗೆ ಯಾರು ಯಾರಿದ್ದಾರೆ ಎಂಬುದರ ಮೇಲೆ ನಿಮ್ಮ ಪ್ರಯಾಣದ ಸುಖದುಃಖ ನಿಂತಿರುತ್ತದೆ. ಬೆಳಗಿನ ಟ್ರಿಪ್ಪಿಗೆ ಭಕ್ತಿಗೀತೆ. ಬಿಸಿಲೇರಿದ ಮೇಲೆ ರಾಜ್‌ಕುಮಾರ್. ಕಾಲೇಜು ಬಿಟ್ಟು ಹುಡುಗ ಹುಡುಗಿಯರು ಹತ್ತುವ ಸಮಯಕ್ಕೆ ಸರಿಯಾಗಿ ಸಿನಿಮಾದ ಹೊಸ ಹಾಡು. ಜಕ್ಕನಹಳ್ಳಿಯಲ್ಲಿ ಮೇಲುಕೋಟೆಗೆ ಹೋಗುವವರು ಇಳಿಯುವ ತನಕ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಟಿಕೆಟ್ಟಿನ ಚಿಲ್ಲರೆ ವಿಷಯದಲ್ಲಿ ಕಂಡಕ್ಟರಿಗೆ ಇದು ಅನುಕೂಲವೇ.

ಹೊಸ ಹಾಡು ಎಲ್ಲ ಕಾಲದಲ್ಲೂ ಇತ್ತು, ಹಳೆಯ ಹಾಡೇ ಚೆಂದ ಎನ್ನುವವರೂ ಎಲ್ಲ ಕಾಲದಲ್ಲೂ ಇದ್ದಿರಬೇಕು. ನಮ್ಮ ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳಿ. 1673ರಿಂದ 1704ರವರೆಗೆ ಅಲ್ಲಿ ಕೂತು ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಗೀತಗೋಪಾಲ' ಹುಟ್ಟಿತು, ಹಾಡುವುದಕ್ಕೆಂದೇ ಕಟ್ಟಿದ ಕೃತಿ. ಅದೇ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಸಾಂಗತ್ಯವೆಂದರೆ ಹಾಡಿಕೊಂಡು ಓದುವ ಮಟ್ಟು. ಸಂಚಿಯವಳು ಹಾಡು ಕಟ್ಟಿದಳಂತೆ ಎಂದು ಕೋಟೆಯೊಳಗೆ ಯಾರಾದರೂ ಮೂಗು ಮುರಿದಿರಲಾರರೆ? ಆ ಮೂಗಿನವರ ಹೆಸರು ಒಂದೂ ಉಳಿದಿಲ್ಲ, ಹೊನ್ನಮ್ಮನ ಹೆಸರು ಉಳಿದಿದೆ.

ಅದೇ ಕೋಟೆಯಲ್ಲಿ ಟಿಪ್ಪು ಸುಲ್ತಾನನ ಹತ್ತಿರ ಒಂದು ಮರದ ಹುಲಿ ಇತ್ತು. ಬಿದ್ದ ಸಿಪಾಯಿಯ ಮೇಲೆ ಹುಲಿ ಎರಗಿರುವ ಗೊಂಬೆ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಸಿಪಾಯಿ ನರಳುತ್ತಾನೆ. ಹುಲಿಯ ಹೊಟ್ಟೆಯೊಳಗೆ ಸಣ್ಣದೊಂದು ಆರ್ಗನ್ನೂ ಉಂಟು, ಮಣೆ ಒತ್ತಿ ಬಾರಿಸಬಹುದು. 1799ರಲ್ಲಿ ಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತುಕೊಂಡು ಹೋದರು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಗಣೇಶನ ಮೆರವಣಿಗೆಯ ಡಿ.ಜೆ. ಸದ್ದಿಗೆ ಎದೆ ಹಿಡಿದುಕೊಳ್ಳುವ ನನ್ನಂಥವರು ಒಂದು ವಿಷಯ ನೆನಪಿಡಬೇಕು: ಮಿಷನ್ನಿನಿಂದ ಸದ್ದು ಹೊರಡಿಸಿ ಎದುರಿನವರನ್ನು ಬೆಚ್ಚಿಬೀಳಿಸುವ ವಿದ್ಯೆ ಈ ಊರಿಗೆ ಹೊಸದಲ್ಲ.

ಮಾತು ಎಲ್ಲೋ ಹೋಯಿತು. ಕೆ.ಆರ್. ಪೇಟೆ ಕಡೆ ಬನ್ನಿ. ಆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. 1942ರಲ್ಲಿ 'ಮೈಸೂರು ಮಲ್ಲಿಗೆ' ಬಂತು. ಹೊಸ ಹೆಂಡತಿ, ಮಾವನ ಮನೆ, ಬಳೆಗಾರ, ಇಂಥವೇ ಅದರ ಸರಕು. ಮದುವೆಗೆ ಹೋದವರು ಉಡುಗೊರೆಯಾಗಿ ಅದೇ ಪುಸ್ತಕ ಕೊಡುತ್ತಿದ್ದ ಕಾಲವೊಂದಿತ್ತು. ಆಮೇಲೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರ ರಾಗ ಸೇರಿ ಪುಸ್ತಕ ಓದದವರ ಮನೆಗೂ ಆ ಪದ್ಯಗಳು ನುಗ್ಗಿದವು. ಟಿ.ಎಸ್. ನಾಗಾಭರಣರು ಅದೇ ಹೆಸರಿನ ಸಿನಿಮಾ ಮಾಡಿದಾಗ ಗೀತರಚನೆಯ ರಾಷ್ಟ್ರಪ್ರಶಸ್ತಿ ಕವಿಯನ್ನು ಹುಡುಕಿಕೊಂಡು ಬಂತು. ಬರೆದು ಅರ್ಧ ಶತಮಾನವಾದ ಮೇಲೆ ಹಿಟ್! ಈಗಿನವರು ಬೆಳಗ್ಗೆ ಹತ್ತಕ್ಕೆ ಹಾಡು ಬಿಟ್ಟು ಸಂಜೆ ಆರಕ್ಕೆ ಎಷ್ಟು ಜನ ನೋಡಿದರು ಎಂದು ಲೆಕ್ಕ ಹಾಕುತ್ತಾರೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರು ಪು.ತಿ.ನ. 'ಗೋಕುಲ ನಿರ್ಗಮನ'ದಂಥ ಗೀತನಾಟಕ ಬರೆದದ್ದಷ್ಟೇ ಅಲ್ಲ, ಮಟ್ಟನ್ನೂ ತಾವೇ ಹಾಕಿದವರು. ಸಾಹಿತ್ಯ ಸಂಗೀತ ಎರಡೂ ಒಬ್ಬರದೇ ಎನ್ನುವ ಹಂಸಲೇಖ ಪದ್ಧತಿಗೆ ಮೇಲುಕೋಟೆಯ ಬೆಟ್ಟದಲ್ಲಿ ಆಗಲೇ ಒಂದು ಮಾದರಿ ಇತ್ತು. ಅದೇ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಜಯಲಲಿತಾ ತಮಿಳು ಸಿನಿಮಾದಲ್ಲಿ ಕುಣಿದರು, ಹಾಡಿದರು, ಕೊನೆಗೆ ತಮಿಳುನಾಡನ್ನೇ ಆಳಿದರು. ನೀರಿನ ವಿಷಯ ಬಂದಾಗ ಮಾತ್ರ ನಮ್ಮವರು ಆ ಹುಟ್ಟೂರನ್ನು ಮರೆತಂತೆ ನಟಿಸುತ್ತಿದ್ದರು. ನಾಗಮಂಗಲ ತಾಲ್ಲೂಕಿಗೆ ಬಂದರೆ, ಬಿ.ಎಂ.ಶ್ರೀ. ಹೆಸರಿನ ಮೊದಲನೆಯ 'ಬಿ' ಅಲ್ಲಿನ ಬೆಳ್ಳೂರು. ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ಒಗ್ಗಿಸಿ ಹಾಡುಗಬ್ಬದ ಹೊಸ ದಾರಿ ತೆರೆದವರು. ಪಾಶ್ಚಾತ್ಯ ಪ್ರಭಾವದಿಂದ ಹಾಡು ಕೆಟ್ಟಿತು ಎನ್ನುವವರು ಬೆಳ್ಳೂರು ಕ್ರಾಸಿನಲ್ಲಿ ಇಳಿದು ಒಮ್ಮೆ ಯೋಚಿಸಬೇಕು.

ಹಾಗಾದರೆ ಹಳೆಯ ಹಾಡೇ ಚೆಂದ ಎಂದು ನಮಗೆಲ್ಲ ಅನ್ನಿಸುವುದೇಕೆ? ಇದಕ್ಕೆ ಉತ್ತರ ನನಗೆ ಆಲೆಮನೆಯಲ್ಲಿ ಸಿಕ್ಕಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೊದಲು ಮೇಲೆ ಬರುವುದು ಕಪ್ಪು ಮಡ್ಡಿ. ಬೆಂಡೆ ಗಿಡದ ಲೋಳೆ ಬಿಟ್ಟು, ಉದ್ದ ಹಿಡಿಯ ಜಾಲರಿಯಲ್ಲಿ ಅದನ್ನು ಬಳಿದು ಬಳಿದು ಆಚೆ ಹಾಕಿದ ಮೇಲೇ ಪಾಕ, ಆಮೇಲೆ ಅಚ್ಚು. ಹಳೆಯ ಹಾಡುಗಳ ಮಡ್ಡಿಯನ್ನು ಕಾಲ ತೆಗೆದಾಗಿದೆ. ನಮ್ಮ ಕೈಗೆ ಸಿಕ್ಕಿರುವುದು ಅಚ್ಚುಬೆಲ್ಲ. ಹೊಸವು ಇನ್ನೂ ಕೊಪ್ಪರಿಗೆಯಲ್ಲಿ ಕುದಿಯುತ್ತಿವೆ, ಬಗ್ಗಿ ನೋಡಿದವನಿಗೆ ನೊರೆಯೇ ಕಾಣುವುದು. 1972ರಲ್ಲಿ 'ಬಂಗಾರದ ಮನುಷ್ಯ', 'ನಾಗರಹಾವು' ಎರಡೂ ಬಂದವು, ನಿಜ. ಅದೇ ವರ್ಷ ಬಂದ ಮಿಕ್ಕ ಸಿನಿಮಾಗಳ ಹಾಡುಗಳನ್ನು ಹೇಳಿ ನೋಡೋಣ ಎಂದರೆ ನಮ್ಮ ಅಪ್ಪನೂ ಕೆಮ್ಮಿ ಎದ್ದುಹೋಗುತ್ತಾರೆ. ಬೆಲ್ಲಕ್ಕೆ ಬಣ್ಣ ಬರಲಿ ಎಂದು ಈಗ ಹೈಡ್ರೋಸ್ ಹಾಕುವವರಿದ್ದಾರಲ್ಲ, ಹಾಡಿನಲ್ಲೂ ಅದಿದೆ, ಆಟೋಟ್ಯೂನ್ ಅಂತ ಅದರ ಹೆಸರು. ನೋಡಲು ಬೆಳ್ಳಗಿರುತ್ತದೆ. ಗಂಟಲಿನ ಒಗರು ಇರುವುದಿಲ್ಲ.

ಗಂಟಲು ಅಂದ ಕೂಡಲೆ 'ಸಂಪತ್ತಿಗೆ ಸವಾಲ್' ನೆನಪಾಗುತ್ತದೆ. 1974ರ ಆ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ನಾಯಕ ಹಾಡುವ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು. ಮೊದಲೂ ಒಂದೆರಡು ಕಡೆ ಹಾಡಿದ್ದರು. ಆದರೆ ನಾಯಕನ ಹಾಡಿಗೆ ನಾಯಕನದೇ ಕಂಠ ಎಂದು ಗಟ್ಟಿಯಾಗಿ ನಿಂತದ್ದು ಅಲ್ಲಿಂದ. 1992ರ 'ಜೀವನ ಚೈತ್ರ'ಕ್ಕೆ ಗಾಯಕರಾಗಿ ರಾಷ್ಟ್ರಪ್ರಶಸ್ತಿ ಪಡೆಯುವ ತನಕ ಆ ಎಮ್ಮೆ ಅವರನ್ನು ಹೊತ್ತುಕೊಂಡು ಹೋಯಿತು. ಆ ಹಾಡು ನಮ್ಮ ಹಳ್ಳಿಗಳಲ್ಲಿ ಅಷ್ಟು ಹಿಡಿಸಿದ್ದಕ್ಕೆ ಒಂದು ಕಾರಣ ಸರಳ. ಎಮ್ಮೆಯ ಮೇಲೆ ಕೂತು ಹಾಡಬಲ್ಲ ಹಾಡು ಅದು, ಎಮ್ಮೆಯೂ ನಮ್ಮಲ್ಲಿತ್ತು.

ಆಮೇಲೆ ಬಂದದ್ದು ನಮ್ಮ ಕಾಲ. 1987, ರವಿಚಂದ್ರನ್ ಅವರ 'ಪ್ರೇಮಲೋಕ'. ಪಾತ್ರಗಳು ಮಾತಾಡುವ ಹಾಗೇ ಹಾಡುತ್ತಿದ್ದವು, ಹಾಡುವ ಹಾಗೇ ಮಾತಾಡುತ್ತಿದ್ದವು. 'ಇದೂ ಒಂದು ಹಾಡೇನ್ಲಾ? ಸಂತೇಲಿ ಯಾವಾರ ಮಾಡ್ದಂಗದೆ' ಎಂದು ಅಪ್ಪ ರೇಗುತ್ತಿದ್ದರು. ಪೇಟೆಯಲ್ಲಿ ರೆಕಾರ್ಡಿಂಗ್ ಅಂಗಡಿಗಳಿದ್ದವು. ಖಾಲಿ ಕ್ಯಾಸೆಟ್ಟು, ಹಾಡುಗಳ ಪಟ್ಟಿ ಬರೆದ ನೋಟ್‌ಬುಕ್ಕಿನ ಹಾಳೆ, ಒಂದಿಷ್ಟು ದುಡ್ಡು ಕೊಟ್ಟು ಬಂದರೆ ವಾರ ಬಿಟ್ಟು ಕೊಡುತ್ತಿದ್ದರು. ಪಟ್ಟಿಯಲ್ಲಿಲ್ಲದ ಒಂದು ಹಾಡು ಕೊನೆಯಲ್ಲಿ ಅಂಗಡಿಯವನ ಇಷ್ಟದ್ದು ಇರುತ್ತಿತ್ತು, ಅದೂ ಅರ್ಧ. ಹಾಗೆ ಅರ್ಧಕ್ಕೇ ನಿಂತ ಒಂದು ಯುಗಳಗೀತೆಯ ಕೊನೆಯ ಚರಣ ನನಗೆ ಇವತ್ತಿಗೂ ಬರುವುದಿಲ್ಲ. ಆ ಹುಡುಗ ಹುಡುಗಿ ಇನ್ನೂ ಮರದ ಸುತ್ತ ನಡುದಾರಿಯಲ್ಲೇ ಇದ್ದಾರೆ.

ಆ ಕ್ಯಾಸೆಟ್ಟುಗಳಿಗೆ ಒಳ್ಳೆಯ ಗತಿಯೇ ಸಿಕ್ಕಿತು. ಪ್ಲೇಯರಿನ ಬಾಯಿಗೆ ಸಿಕ್ಕಿ ಸುಕ್ಕಾದ ಟೇಪನ್ನು ಅಪ್ಪ ಉದ್ದಕ್ಕೆ ಎಳೆದು, ತೆನೆ ಕಟ್ಟಿದ ಜೋಳದ ಹೊಲದ ಮೇಲೆ ಗೂಟದಿಂದ ಗೂಟಕ್ಕೆ ಬಿಗಿದರು. ಬಿಸಿಲಿಗೆ ಕಂದು ರಿಬ್ಬನ್ನು ಫಳಫಳ ಹೊಳೆಯುತ್ತಿತ್ತು, ಗಾಳಿ ಬೀಸಿದರೆ ಗುಂಯ್ ಎನ್ನುತ್ತಿತ್ತು, ಗಿಳಿಗಳು ಹತ್ತಿರ ಸುಳಿಯುತ್ತಿರಲಿಲ್ಲ. 'ನಿನ್ ರವಿಚಂದ್ರ ಇವತ್ತು ಉಪಯೋಗಕ್ಕೆ ಬಂದ ನೋಡ್ಲಾ' ಎಂದರು. ನಮ್ಮ ಪೀಳಿಗೆಯ ಹಾಡಿನ ಬಗ್ಗೆ ಅವರು ಆಡಿದ ಒಳ್ಳೆಯ ಮಾತು ಅದೊಂದೇ.

ಹಾಡು ಕೇಳುವುದು ಒಂದಾದರೆ ಅದರ ಶೂಟಿಂಗ್ ನೋಡುವುದು ಇನ್ನೊಂದು, ಈ ಭಾಗ್ಯ ನಮ್ಮ ಸೀಮೆಗೆ ಧಾರಾಳವಾಗಿ ಸಿಕ್ಕಿದೆ. ಕನ್ನಂಬಾಡಿಯ ಬೃಂದಾವನದ ಕಾರಂಜಿಗಳ ನಡುವೆ ಒಂದು ಕಾಲದಲ್ಲಿ ಪ್ರೀತಿಸದ ಜೋಡಿಯಿಲ್ಲ. ಮೇಲುಕೋಟೆಯ ರಾಯಗೋಪುರ, ಶ್ರೀರಂಗಪಟ್ಟಣ ತಾಲ್ಲೂಕಿನ ಮಹದೇವಪುರದ ಹೊಳೆದಂಡೆ, ಇವೆಲ್ಲ ಕ್ಯಾಮೆರಾಕ್ಕೆ ಹಳೇ ಪರಿಚಯ. ನೋಡಲು ಹೋದವರಿಗೆ ಮಾತ್ರ ಅದು ತಪಸ್ಸು. ಸ್ಪೀಕರಿನಲ್ಲಿ ಒಂದೇ ಸಾಲು ಬರುತ್ತದೆ, ನಾಯಕಿ ಎರಡು ಹೆಜ್ಜೆ ಹಾಕುತ್ತಾಳೆ, ಯಾರೋ ಕಟ್ ಅನ್ನುತ್ತಾರೆ. ಛತ್ರಿ ಹಿಡಿದವನು ಓಡಿ ಬರುತ್ತಾನೆ, ಮುಖದ ಬೆವರು ಒರೆಸುತ್ತಾರೆ, ಮತ್ತೆ ಅದೇ ಸಾಲು. ಹೊತ್ತು ಮುಳುಗುವುದರೊಳಗೆ ಪಕ್ಕದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರಿಗೆ ಸಿನಿಮಾ ಬಿಡುಗಡೆಗೂ ಮುಂಚೆಯೇ ಆ ಹಾಡು ಬಾಯಿಪಾಠ. ಆದರೆ ಒಂದೇ ಸಾಲು.

ಇದನ್ನು ಬರೆಯುವಾಗಲೇ ನನಗೆ ಹೊಳೆಯುತ್ತಿದೆ, ನಮ್ಮ ಮಗಳ ರೀಲ್ಸಿನ ಕಥೆಯೂ ಇದೇ. ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು, ಅದೇ ಮತ್ತೆ ಮತ್ತೆ. ಪೂರ್ತಿ ಹಾಡು ಕೇಳಿದ್ದೀಯೇನಮ್ಮ ಅಂದರೆ 'ಪೂರ್ತಿ ಇದೆಯಾ ಅಪ್ಪಾ?' ಅನ್ನುತ್ತಾಳೆ. ಈಗಿನ ಹಾಡುಗಳ ಮೇಲೆ ನನ್ನ ನಿಜವಾದ ತಕರಾರು ಇಷ್ಟೇ. ಸದ್ದಿನ ಮೇಲಲ್ಲ, ಕುಣಿತದ ಮೇಲಲ್ಲ. ಪಲ್ಲವಿಯ ಒಂದು ಸಾಲಿಗೆ ಸುರಿದ ಮುತುವರ್ಜಿಯಲ್ಲಿ ಕಾಲು ಭಾಗವನ್ನೂ ಚರಣಕ್ಕೆ ಕೊಡುವುದಿಲ್ಲ. ಹಿಂದೆ ಟೆಂಟಿನ ಮುಂದೆ, ಸಂತೆಯಲ್ಲಿ ಮಾರುತ್ತಿದ್ದ ತೆಳು ಹಾಡಿನ ಪುಸ್ತಕದಲ್ಲಿ ಮೂರು ಚರಣವೂ ಅಚ್ಚಾಗಿರುತ್ತಿತ್ತು. ಕಥಾಸಾರ ಮಾತ್ರ ಅರ್ಧ, ಉಳಿದದ್ದನ್ನು ಪರದೆಯ ಮೇಲೆ ನೋಡಿ ಅಂತ. ಈಗ ಟ್ರೇಲರಿನಲ್ಲಿ ಕಥೆ ಪೂರ್ತಿ, ಹಾಡು ಅರ್ಧ.

ಇನ್ನು ಹೊಸಬರ ಬಗ್ಗೆ. ರ‍್ಯಾಪ್ ಎಂದರೆ ಹಿರಿಯರು ಉರಿದುಬೀಳುತ್ತಾರೆ. ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರು ಕನ್ನಡವನ್ನು ಪಟಪಟ ಉದುರಿಸಿದಾಗ ನನಗೂ ಮೊದಲು ಉಸಿರು ಕಟ್ಟಿತು. ಆದರೆ ನಮ್ಮ ಕಡೆಯ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹೇಳುವುದನ್ನು ಕೇಳಿದ್ದೀರಾ? ಹಾಡಿನ ನಡುವೆ ಮಾತಿಗೆ ಇಳಿದು, ಮಾತನ್ನೇ ತಾಳಕ್ಕೆ ಕಟ್ಟಿ ಒಂದೇ ಉಸಿರಿಗೆ ಹೇಳಿ, ಮತ್ತೆ ಹಾಡಿಗೆ ಹತ್ತುತ್ತಾರೆ. ಜನಪದರ ಇಂಥ ಹಾಡುಗಳು ಕಳೆದುಹೋಗಬಾರದೆಂದು ಬದುಕು ಸವೆಸಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ರಾಮನಗರದ ಹತ್ತಿರ ಅವರು ಕಟ್ಟಿದ ಜಾನಪದ ಲೋಕಕ್ಕೆ ರ‍್ಯಾಪಿನ ಹುಡುಗರು ಒಮ್ಮೆ ಹೋಗಿಬಂದರೆ ಇಬ್ಬರಿಗೂ ಲಾಭ.

ಹೊರಗಿನವರು ಹಾಡುತ್ತಾರೆ ಎಂಬ ದೂರೂ ಇದೆ. 2024ರ 'ಕೃಷ್ಣಂ ಪ್ರಣಯ ಸಖಿ'ಯಲ್ಲಿ ಪಂಜಾಬಿನ ಜಸ್ಕರಣ್ ಸಿಂಗ್ ಹಾಡಿದ ದ್ವಾಪರದ ಹಾಡು ನಮ್ಮೂರ ಮದುವೆ ಮನೆಗಳನ್ನೆಲ್ಲ ಒಂದು ಸುತ್ತು ಹಾಕಿಕೊಂಡು ಬಂತು. ಕೇಳಿ ನನಗೆ ಸಂಕಟವಾಗಲಿಲ್ಲ, ಸಂತೋಷವೇ ಆಯಿತು. ಪಿ.ಬಿ. ಶ್ರೀನಿವಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಮೂವರೂ ತೆಲುಗು ಸೀಮೆಯಲ್ಲಿ ಹುಟ್ಟಿದವರು. 2006ರ ಕೊನೆಗೆ ಬಂದ 'ಮುಂಗಾರು ಮಳೆ'ಯಲ್ಲಿ ಜಯಂತ ಕಾಯ್ಕಿಣಿಯವರ ಮಾತನ್ನು ಮನೆಮನೆಗೆ ಮುಟ್ಟಿಸಿದ ಸೋನು ನಿಗಮ್ ಉತ್ತರದವರು. ಕನ್ನಡವನ್ನು ನಾಲಿಗೆ ಹೊರಳಿಸಿ ಕಲಿತು ಹಾಡುವವನು ನಮ್ಮವನೇ. ನಮ್ಮೂರಲ್ಲೇ ಹುಟ್ಟಿ 'ಹಾಲು' ಅನ್ನುವುದಕ್ಕೆ 'ಆಲು' ಅನ್ನುವ ನಾವು ಅವರ ಉಚ್ಚಾರಣೆ ತಿದ್ದಲು ಹೋಗಬಾರದು.

2025ರಲ್ಲಿ 'ಎಕ್ಕ' ಚಿತ್ರದ 'ಬ್ಯಾಂಗಲ್ ಬಂಗಾರಿ' ಬಂತು. ಚರಣ್ ರಾಜ್ ಸಂಗೀತ, ಹಾಡಿದವರು ತಮಿಳು ಜನಪದದ ಆಂಟನಿ ದಾಸನ್. 2018ರ 'ಟಗರು' ಶೀರ್ಷಿಕೆ ಹಾಡಿನ ಜೋಡಿಯೂ ಇದೇ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಪಾಂಡವಪುರದ ಸಕ್ಕರೆ ಕಾರ್ಖಾನೆಯ ಕಡೆಗೆ ಈ ಹಾಡನ್ನೂ ಹೊತ್ತು ಸಾಗಿದವು. ಮನೆಯಲ್ಲಿ ಅದನ್ನು ಹಾಕಕೂಡದು ಎಂದು ನಾನು ಅಪ್ಪಣೆ ಹೊರಡಿಸಿದೆ. ಮಗಳು ತಲೆ ಆಡಿಸಿ, ನನ್ನ ಫೋನಿನ ರಿಂಗ್‌ಟೋನಿಗೆ ಅದನ್ನೇ ಹಾಕಿಟ್ಟಳು.

ಅದು ಮೊದಲು ಮೊಳಗಿದ್ದು ನಾಗಮಂಗಲ ಕಡೆಯ ನೆಂಟರ ಮನೆಯ ಹನ್ನೊಂದನೇ ದಿನದ ತಿಥಿಯಲ್ಲಿ. ತೊಂಬತ್ತು ದಾಟಿದ ಹಿರಿಯರು ಹೋಗಿದ್ದರು. ಎಡೆ ಇಟ್ಟಾಗಿತ್ತು. ದಾಸಯ್ಯ ಶಂಖ ಊದಿ, ಜಾಗಟೆ ಬಡಿದು ಒಂದು ಕ್ಷಣ ಉಸಿರು ತೆಗೆದುಕೊಂಡ. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದೆವು. ಆ ಒಂದು ಕ್ಷಣದ ಮೌನಕ್ಕೆ ಕಾದಿದ್ದಂತೆ ನನ್ನ ಸೊಂಟ ಕುಣಿಯತೊಡಗಿತು. ಹೊಸ ಪಂಚೆಯ ಸೊಂಟದ ಮಡಿಕೆಯೊಳಗೆ ಸಿಕ್ಕಿಕೊಂಡ ಫೋನು ಕೈಗೆ ಬರಲೊಲ್ಲದು. ಎಳೆದಷ್ಟೂ ಪಂಚೆಯೇ ಬರುವ ಲಕ್ಷಣ. ಹುಡುಗರು ತುಟಿ ಕಚ್ಚಿಕೊಂಡರು. ಸತ್ತವರ ತಂಗಿ, ನನಗೆ ವರಸೆಯಲ್ಲಿ ಅತ್ತೆ, ಕಣ್ಣೊರೆಸಿಕೊಂಡು ಹೇಳಿದರು: 'ಆಪ್ ಮಾಡ್ಬ್ಯಾಡ ಕನ್ಲಾ ಮಗ, ಒಸಿ ಕೇಳುಸ್ಕಳ್ಲಿ ಬುಡು. ನಮ್ಮಣ್ಣಯ್ಯಂಗೆ ಹಾಡು ಅಂದ್ರೆ ಪ್ರಾಣ ಆಗಿತ್ತು. ಟೆಂಟ್ನಾಗೆ ವೆಂಕಟೇಸನ ಹಾಡು ಹಾಕ್ತಿದ್ದಂಗೆ ಮುದ್ದೆ ಬುಟ್ಟು ಓಡೋನು.'

ಘಂಟಸಾಲರು ಹಾಡಿದ ಆ ವೆಂಕಟೇಶನ ಸ್ತುತಿ ನಮ್ಮ ಟೆಂಟುಗಳಲ್ಲಿ ಟಿಕೆಟ್ ಕೊಡಲು ಶುರುವಾಯಿತು ಎಂಬುದಕ್ಕೆ ಗುರುತು. ಅದೂ ತೆಲುಗು ಹಾಡು, ಅದೂ ಹಾರ್ನ್ ಸ್ಪೀಕರಿನಲ್ಲಿ ಮೂರೂರಿಗೆ ಕೇಳುವ ಹಾಗೆ. ಆಗಲೂ ಯಾವುದಾದರೂ ಮನೆಯ ಹಿರಿಯರು 'ಏನ್ ಗಲಾಟೆಯಪ್ಪ ಇದು' ಅಂದಿದ್ದಾರು. ಊಟಕ್ಕೆ ಕೂತಾಗ ದಾಸಯ್ಯನೇ ನನ್ನ ಪಕ್ಕ ಬಂದು ಆ ರಿಂಗ್‌ಟೋನು ತನ್ನ ಫೋನಿಗೂ ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದ. ಮಗಳ ನಂಬರು ಕೊಟ್ಟೆ.

ಶ್ರೀರಂಗಪಟ್ಟಣದಲ್ಲಿ ಈಗಲೂ ದಸರಾ ನಡೆಯುತ್ತದೆ. 1610ರಲ್ಲಿ ರಾಜ ಒಡೆಯರು ಶುರುಮಾಡಿದ್ದು ಅಲ್ಲೇ ತಾನೆ. ಕಿರಂಗೂರಿನ ಬನ್ನಿಮಂಟಪದಲ್ಲಿ ಪೂಜೆ, ಮೆರವಣಿಗೆ, ರಾತ್ರಿ ವೇದಿಕೆಯ ಮೇಲೆ ರಸಮಂಜರಿ. ಅಂಥ ರಸಮಂಜರಿಯಲ್ಲಿ ಕೂತರೆ ನನ್ನ ತಕ್ಕಡಿ ಸರಿಯಾಗಿ ತೂಗುತ್ತದೆ. ಹೊಸ ಹಾಡಿಗೆ ಹುಡುಗರು ಕುರ್ಚಿ ಬಿಟ್ಟು ಏಳುತ್ತಾರೆ, ಹಿರಿಯರು ಕಡಲೆಕಾಯಿ ಬಿಡಿಸುತ್ತಾರೆ. ಹಳೆಯ ಹಾಡಿಗೆ ಹಿರಿಯರ ತಲೆ ತೂಗುತ್ತದೆ, ಹುಡುಗರು ಗೋಬಿ ಮಂಚೂರಿಗೆ ಹೋಗುತ್ತಾರೆ. ಆದರೆ 2017ರ 'ರಾಜಕುಮಾರ' ಚಿತ್ರದ ಬೊಂಬೆಯ ಹಾಡು ಶುರುವಾದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ವಿಜಯ್ ಪ್ರಕಾಶ್ ಹಾಡಿದ ಆ ಹಾಡು ಬಂದಾಗ ಬರೀ ಹಿಟ್ ಆಗಿತ್ತು. 2021ರ ಅಕ್ಟೋಬರ್ 29ರಂದು ಆ ಚಿತ್ರದ ನಾಯಕ ಪುನೀತ್ ಹೋದ ಮೇಲೆ ಅದು ಹಿಟ್ಟಿನ ಲೆಕ್ಕದಿಂದ ಆಚೆಗೆ ಬಂದು ನಿಂತಿತು. ಅಜ್ಜಿಯೂ ಹಾಡುತ್ತಾರೆ, ಅಂಗನವಾಡಿಯ ಮಗುವೂ ಹಾಡುತ್ತದೆ, ಶ್ರುತಿ ಯಾರಿಗೂ ಇರುವುದಿಲ್ಲ.

ಹಾಗಾಗಿ ನನ್ನ ತೀರ್ಪು ಇದು. ಎಷ್ಟು ಲಕ್ಷ ಜನ ನೋಡಿದರು ಎಂಬುದು ಕಂಪನಿಯವರ ಲೆಕ್ಕ. ಹಾಡಲು ಬಾರದವನ ಬಾಯಿಗೆ, ಯಾವ ಮಿಷನ್ನಿನ ಸಹಾಯವೂ ಇಲ್ಲದೆ, ಚರಣದ ಸಮೇತ ಬಂದರೆ ಅದು ಹಾಡು. ಪರೀಕ್ಷೆಗೆ ನಾನೇ ಸಿದ್ಧನಿದ್ದೇನೆ, ಹಸು ಏನಾದರೂ ಅನ್ನಲಿ. ರಾಜ್‌ಕುಮಾರರ ಎಮ್ಮೆ ಹಾಡು ಪಾಸು, ಕಿಕ್ಕೇರಿಯ ಕವಿಯ ಬಳೆಗಾರ ಪಾಸು, ಹಂಸಲೇಖ ಡಿಸ್ಟಿಂಕ್ಷನ್ನು. ಬ್ಯಾಂಗಲ್ ಬಂಗಾರಿ ಪಲ್ಲವಿಯಲ್ಲಿ ಪಾಸಾಗಿದೆ, ಚರಣದ ಫಲಿತಾಂಶ ತಡೆಹಿಡಿಯಲಾಗಿದೆ. ಹತ್ತು ವರ್ಷ ಬಿಟ್ಟು ಕೇಳಿ, ಹೇಳುತ್ತೇನೆ.

ನಿಮಗೊಂದು ಮಾತು. ಮನೆಯ ಹುಡುಗರು ಹಾಡು ಹಾಕಿದಾಗ ಮುಗಿಯುವ ತನಕ ಕೂತು ಕೇಳಿ. ಈಗಿನ ಹಾಡು, ಬೇಗ ಮುಗಿಯುತ್ತದೆ. ಆಮೇಲೆ ನಿಮ್ಮದನ್ನು ಹಾಕಿ, ಮೂರು ಚರಣವೂ ಕೇಳಿಸಿ. 'ನಮ್ಮ ಕಾಲದಲ್ಲಿ' ಎಂದು ಮಾತ್ರ ಶುರುಮಾಡಬೇಡಿ. ತಿಥಿಗೆ ಹೋಗುವಾಗ ಫೋನು ಸೈಲೆಂಟಿಗೆ ಹಾಕಿಕೊಳ್ಳಿ.